ಅಂಬಿಕಾಳ ಉತ್ತರಪತ್ರಿಕೆ

ಸೊಕ್ಕೆ ಊರಿಗೆ ಹನ್ನೊಂದು ವಾಲ್ವು. ಅಷ್ಟನ್ನೂ ದಿನಾ ಬೆಳಿಗ್ಗೆ ತೆಗೆದು ಮುಚ್ಚುವ ಕೆಲಸ ನೀರುಗಂಟಿ ತಿಪ್ಪೇಶಪ್ಪನದು. ಆರು ಗಂಟೆಗೆ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಮನೆ ಬಿಟ್ಟರೆ ಕೊನೆಯ ಬೀದಿಯ ನೀರು ನಿಲ್ಲಿಸುವ ಹೊತ್ತಿಗೆ ಒಂಬತ್ತೂವರೆ ಆಗುತ್ತಿತ್ತು. ಒಂದೊಂದು ಬೀದಿಗೆ ಕಾಲು ಗಂಟೆ ನೀರು. ಆ ಕಾಲು ಗಂಟೆ ಅವನು ವಾಲ್ವಿನ ಪಕ್ಕದಲ್ಲೇ ನಿಲ್ಲಬೇಕು. ಬಿಟ್ಟು ಹೋದರೆ ಯಾರಾದರೊಬ್ಬರು ಬಂದು ಇನ್ನೊಂದು ಸುತ್ತು ತಿರುಗಿಸಿಬಿಡುತ್ತಿದ್ದರು. ಸುಮ್ಮನೆ ನಿಂತಲ್ಲಿ ಮಾತು ಹುಟ್ಟುತ್ತದೆ. ಹೀಗಾಗಿ ಊರಿನ ಸುದ್ದಿಯೆಲ್ಲ ಅವನಿಗೆ ಗೊತ್ತಿರುತ್ತಿತ್ತು, ಅವನ ಮನೆಯ ಸುದ್ದಿಯೆಲ್ಲ ಊರಿಗೆ ಗೊತ್ತಿರುತ್ತಿತ್ತು.

ಅವನ ಮನೆಯ ಸುದ್ದಿ ಎಂದರೆ ಮಗಳು ಅಂಬಿಕಾ. ಎಂಟನೇ ತರಗತಿಯಲ್ಲಿದ್ದಾಗ ಶಾಲೆಯ ವೇದಿಕೆಯ ಮೇಲೆ ಹೆಡ್‌ಮಾಸ್ತರರು ಮುಂದೆ ಏನಾಗುತ್ತೀ ಎಂದು ಕೇಳಿದ್ದಕ್ಕೆ ಅವಳು ಡಾಕ್ಟರ್ ಎಂದಿದ್ದಳು. ಮೈಕಿನಲ್ಲಿ ಆಡಿದ ಆ ಒಂದು ಮಾತನ್ನು ತಿಪ್ಪೇಶಪ್ಪ ಮರುದಿನವೇ ಹನ್ನೊಂದು ವಾಲ್ವುಗಳಿಗೂ ತಲುಪಿಸಿದ. ಎಸ್ಸೆಸ್ಸೆಲ್ಸಿಯಲ್ಲಿ ಆರುನೂರ ಇಪ್ಪತ್ತೈದಕ್ಕೆ ಐನೂರ ತೊಂಬತ್ತೆಂಟು ಬಂದ ಮೇಲಂತೂ ಊರೇ ಅದನ್ನು ನಿಶ್ಚಯ ಮಾಡಿಕೊಂಡಿತು. ಹೆಂಗಸರು ಅವಳನ್ನು ಡಾಕ್ಟ್ರಮ್ಮ ಎಂದೇ ಕೂಗುತ್ತಿದ್ದರು. ಕೆಮ್ಮಿನ ಔಷಧದ ಬಾಟಲಿ ತಂದು ತಾರೀಖು ಓದಿಸುತ್ತಿದ್ದರು, ಸೀರೆ ಎತ್ತಿ ಕಾಲಿನ ಹುಣ್ಣು ತೋರಿಸುತ್ತಿದ್ದರು. ಅವಳು ತಾರೀಖು ಓದಿ ಹೇಳುತ್ತಿದ್ದಳು. ಹುಣ್ಣಿಗೆ ಜಗಳೂರಿನ ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದಳು. ತನಗೆ ಗೊತ್ತಿದ್ದುದಕ್ಕಿಂತ ಹೆಚ್ಚು ತಿಳಿದವಳಂತೆ ಅವಳು ಎಂದೂ ನಡೆದುಕೊಳ್ಳಲಿಲ್ಲ. ಆದರೆ ಆಗ ತಿಪ್ಪೇಶಪ್ಪನಿಗೆ ಅದು ದೊಡ್ಡ ಗುಣವಾಗಿ ಕಂಡಿರಲಿಲ್ಲ.

ಪಿಯುಸಿಗೆ ಜಗಳೂರಿನ ಒಂದು ಕಾಲೇಜು. ಎರಡು ವರ್ಷ ಬೆಳಿಗ್ಗೆಯ ಬಸ್ಸು, ಸಂಜೆಯ ಬಸ್ಸು. ಏಪ್ರಿಲ್‌ನ ಒಂದು ಮಧ್ಯಾಹ್ನ ಫಲಿತಾಂಶ ಬಂತು. ಬಯಾಲಜಿ ಎಂಬತ್ತಮೂರು, ಕೆಮಿಸ್ಟ್ರಿ ಐವತ್ತೊಂಬತ್ತು, ಫಿಸಿಕ್ಸ್ ಐವತ್ತಾರು. ಫಿಸಿಕ್ಸಿನಲ್ಲಿ ಪ್ರಯೋಗದ ಮೂವತ್ತು ಕಳೆದರೆ ಬರವಣಿಗೆಗೆ ಬಿದ್ದದ್ದು ಎಪ್ಪತ್ತಕ್ಕೆ ಇಪ್ಪತ್ತಾರು. ಅಂಬಿಕಾ ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲೆ ಮಗುಚಿಟ್ಟು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯತೊಡಗಿದಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ತಾಯಿ ಅಂಜಿನಮ್ಮ ಮನೆಗೆ ಬಂದಾಗ ತಂತಿಯ ತುಂಬ ಬಟ್ಟೆ, ಒಗೆದ ಬೆಡ್‌ಶೀಟನ್ನೇ ಮತ್ತೊಮ್ಮೆ ಒಗೆಯುತ್ತಿರುವ ಮಗಳು.

ಸಂಜೆ ಫಿಸಿಕ್ಸ್ ಉಪನ್ಯಾಸಕ ಪ್ರಸನ್ನಕುಮಾರ್ ಫೋನು ಮಾಡಿದರು. ಅಂಬಿಕಾಗೆ ಇಷ್ಟು ಕಡಿಮೆ ಬರಲು ಸಾಧ್ಯವೇ ಇಲ್ಲ, ಮೌಲ್ಯಮಾಪನದಲ್ಲಿ ಎಲ್ಲೋ ಎಡವಟ್ಟಾಗಿದೆ, ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕೋಣ ಎಂದರು. ಮುಳುಗುವವನಿಗೆ ಹಗ್ಗ ಸಿಕ್ಕಿದಂತಾಯಿತು ತಿಪ್ಪೇಶಪ್ಪನಿಗೆ. ಮರುದಿನ ಮೊದಲನೇ ವಾಲ್ವಿನಲ್ಲಿ ಐದಾರು ಅಂಕ ಬಿಟ್ಟುಹೋಗಿರಬಹುದು ಎಂದು ಹೇಳಿದ. ಆರನೆಯದಕ್ಕೆ ಬರುವಾಗ ಅದು ಹದಿನೈದಾಗಿತ್ತು. ಹನ್ನೊಂದನೆಯದರಲ್ಲಿ ಅವನೇ, ಒಂದು ಪುಟ ಪೂರ್ತಿ ನೋಡೇ ಇಲ್ಲವಂತೆ ಎಂದುಬಿಟ್ಟ. ಹೇಳುತ್ತಾ ಹೇಳುತ್ತಾ ಅವನಿಗೂ ಅದು ನಿಜವೆನಿಸಿತ್ತು.

ಸ್ಕ್ಯಾನ್ ಪ್ರತಿ ಬಂದ ದಿನ ಅಪ್ಪ ಮಗಳು ಇಬ್ಬರೂ ಜಗಳೂರಿಗೆ ಹೋದರು. ಬಸ್‌ಸ್ಟ್ಯಾಂಡಿನ ಎದುರು ಜಾವೀದನ ಕಂಪ್ಯೂಟರ್ ಅಂಗಡಿ. ತಾಲ್ಲೂಕಿನ ಹುಡುಗರ ಅರ್ಜಿಗಳೆಲ್ಲ ಅವನ ಕೈಯಿಂದಲೇ ಹೋಗುತ್ತಿದ್ದವು. ಅವನು ಪುಟಗಳನ್ನು ಪ್ರಿಂಟ್ ತೆಗೆದು, ಪರೀಕ್ಷಾ ಮಂಡಳಿಯ ಮಾದರಿ ಉತ್ತರಗಳನ್ನೂ ಪ್ರಿಂಟ್ ಮಾಡಿ, ಎರಡನ್ನೂ ಬೇರೆಬೇರೆ ಪಿನ್ ಹೊಡೆದು ಕೊಟ್ಟ. ಹಾಕಿದವರಿಗೆಲ್ಲ ನಾಕಾರು ಮಾರ್ಕ್ಸ್ ಬಂದೇ ಬರುತ್ತವೆ ಅಂಕಲ್ ಎಂದು ತಿಪ್ಪೇಶಪ್ಪನಿಗೆ ಧೈರ್ಯವನ್ನೂ ಹೇಳಿದ.

ಅಂಬಿಕಾ ಅಂಗಡಿಯ ಪಕ್ಕದ ಬೇವಿನ ಕಟ್ಟೆಯ ಮೇಲೆ ಕೂತಳು. ಎಡ ತೊಡೆಯ ಮೇಲೆ ತನ್ನ ಉತ್ತರಪತ್ರಿಕೆ, ಬಲ ತೊಡೆಯ ಮೇಲೆ ಮಾದರಿ ಉತ್ತರ, ಕೈಯಲ್ಲಿ ಪೆನ್ಸಿಲ್. ತಿಪ್ಪೇಶಪ್ಪ ಓದಿದ್ದು ಏಳನೇ ಕ್ಲಾಸು. ಅಲ್ಲಿದ್ದ ಬಾಣ, ಗೆರೆ, ಇಂಗ್ಲಿಷ್ ಅಕ್ಷರಗಳು ಅವನಿಗೆ ಅರ್ಥವಾಗುವಂಥವಲ್ಲ. ಮಗಳ ಬರವಣಿಗೆ ಮೊದಲ ಪುಟಗಳಲ್ಲಿ ದುಂಡಗೆ ಕೂತಿದ್ದು ಬರುಬರುತ್ತಾ ಬಲಕ್ಕೆ ವಾಲಿದ್ದು ಮಾತ್ರ ಕಾಣಿಸಿತು. ಅವನು ಅವಳ ಮುಖ ನೋಡುತ್ತಾ ಕೂತ. ಒಂದೊಂದು ಪ್ರಶ್ನೆಗೂ ಅವಳು ಎರಡೂ ಕಡೆ ಬೆರಳಿಟ್ಟು ಓದಿದಳು. ಕೆಲವು ಕಡೆ ನಿಂತು ತಲೆ ಅಲ್ಲಾಡಿಸಿದಳು. ದಾವಣಗೆರೆ ಬಸ್ಸು ಎರಡು ಬಂದು ಹೋದವು. ಕೊನೆಗೆ ಕಾಗದಗಳನ್ನು ಮಡಚಿ ಬ್ಯಾಗಿಗೆ ಹಾಕಿದಳು.

"ಅಪ್ಪಾ, ತಪ್ಪಾಗಿಲ್ಲ. ಸರಿಯಾಗೇ ನೋಡ್ಯಾರೆ. ಒಂದು ಕಡೆ ನಂಗೇ ಎರಡು ಮಾರ್ಕ್ಸ್ ಜಾಸ್ತಿ ಬಿದ್ದೈತೆ."

ತಿಪ್ಪೇಶಪ್ಪನಿಗೆ ರೇಗಿತು. ಜಾಸ್ತಿ ಬಿದ್ದದ್ದನ್ನು ಈಗ ಯಾಕೆ ಹೇಳಬೇಕು, ಮೇಷ್ಟ್ರೇ ಹೇಳಿದ್ದಾರೆ, ಅರ್ಜಿ ಹಾಕೋಣ, ಬಂದರೆ ಬರಲಿ ಎಂದ. ಜಾವೀದನ ಅಂಗಡಿಯ ಕಡೆ ಎದ್ದೂ ಹೊರಟ. ಅವಳು ಕೂತಲ್ಲಿಂದ ಏಳಲಿಲ್ಲ.

"ಟೈಮ್ ಸಾಲ್ದೇ ಬಿಟ್ಟಿದ್ದು ಒಂದೂ ಇಲ್ಲಪ್ಪಾ. ಎಲ್ಲಾ ಬರ್ದೀನಿ. ಅರ್ಥ ಆಗ್ದೆ ಬಾಯಿಪಾಠ ಮಾಡಿದ್ದು ಅಷ್ಟೂ ಹೋಗೈತೆ. ಅವರು ಐದು ಮಾರ್ಕ್ಸ್ ಸೇರಿಸಿದ್ರೂ, ನಂಗೆ ಬರಲ್ಲ ಅನ್ನೋದು ನಂಗೆ ಗೊತ್ತಾಗಿಬಿಡ್ತಲ್ಲ."

ಬಸ್ಸಿನಲ್ಲಿ ಅವನು ಮಗಳ ಕಡೆ ತಿರುಗಲಿಲ್ಲ. ಕಿಟಕಿಯಾಚೆ ಉತ್ತ ಹೊಲಗಳು ಸರಿದುಹೋಗುತ್ತಿದ್ದವು. ಅವನ ಕಣ್ಣಿಗೆ ಬರೀ ವಾಲ್ವುಗಳು ಕಾಣುತ್ತಿದ್ದವು, ಒಂದೊಂದರ ಪಕ್ಕದಲ್ಲೂ ಕೊಡ ಹಿಡಿದು ಕಾಯುತ್ತಿರುವ ಜನ. ಮನೆಗೆ ಬಂದವನೇ ನಾಳೆ ಜನರಿಗೆ ನಾನು ಏನು ಹೇಳಲಿ ಎಂದು ಅಂಜಿನಮ್ಮನ ಮುಂದೆ ಕೂಗಾಡಿದ. ಅಂಬಿಕಾ ಒಳಗಿನಿಂದ ಬಂದು ನೀನೇನೂ ಹೇಳಬೇಡ, ನಾನೇ ನಿನ್ನ ಜೊತೆ ಬಂದು ಹೇಳುತ್ತೇನೆ ಎಂದಳು. ಮಾತಿಗೆ ಹೇಳಿದ್ದಾಳೆಂದುಕೊಂಡ.

ಬೆಳಿಗ್ಗೆ ಆರಕ್ಕೆ ಅವನು ಕೀಲಿ ಎತ್ತಿಕೊಂಡಾಗ ಅವಳು ಜಡೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಆ ಬೆಳಗನ್ನು ತಿಪ್ಪೇಶಪ್ಪ ಮರೆಯುವಂತಿಲ್ಲ. ಶಾಲೆಯ ಹಿಂದಿನ ಮೊದಲ ವಾಲ್ವಿನಲ್ಲೇ ಪ್ರಶ್ನೆ ಬಂತು. ಅವನು ತಲೆ ಬಗ್ಗಿಸಿ ಕೀಲಿ ತಿರುಗಿಸಿದ. ಅಂಬಿಕಾ ಹೇಳಿದಳು: ಪೇಪರ್ ತರಿಸಿ ನೋಡಿದೆ, ಮೌಲ್ಯಮಾಪನ ಸರಿ ಇದೆ, ನಾನೇ ಸರಿಯಾಗಿ ಬರೆದಿಲ್ಲ. ಅಷ್ಟೇ ಮಾತು. ಧ್ವನಿ ಸಣ್ಣದಿತ್ತು. ಕೇಳಿದ ಹೆಂಗಸು ಅಯ್ಯೋ ಎಂದು ಕೊಡ ಬದಲಿಸಿದಳು. ಎರಡನೆಯದರಲ್ಲಿ ಅದೇ ಮಾತು, ಮೂರನೆಯದರಲ್ಲಿ ಅದೇ ಮಾತು. ನಾಲ್ಕನೇ ಬೀದಿಯಲ್ಲಿ ಒಬ್ಬಾತ, ಸುಮ್ಮನೆ ಊರಿಗೆಲ್ಲ ಡಂಗುರ ಹೊಡೆದಿರಲ್ಲ ಎಂದು ನಕ್ಕ. ಅವಳ ಕಿವಿ ಕೆಂಪಾಯಿತು, ಆದರೆ ಐದನೇ ಬೀದಿಗೂ ಬಂದಳು. ಏಳನೆಯದರಲ್ಲಿ ಯಾರೋ ಅಯ್ಯೋ ಪಾಪ ಎಂದು ಗಲ್ಲ ಸವರಿದಾಗ ಕಣ್ಣು ತುಂಬಿಕೊಂಡಿತು; ಒರೆಸಿಕೊಂಡು ಎಂಟನೆಯದಕ್ಕೆ ನಡೆದಳು. ಅಷ್ಟು ಹೊತ್ತಿಗೆ ಅವಳ ಧ್ವನಿ ನೆಟ್ಟಗಾಗಿತ್ತು. ಹತ್ತನೆಯದರಲ್ಲಿ ಯಾರೂ ಏನೂ ಕೇಳಲಿಲ್ಲ, ಸುದ್ದಿ ಇವರಿಗಿಂತ ಮುಂದೆ ಓಡಿತ್ತು.

ಹನ್ನೊಂದನೇ ವಾಲ್ವು ಮುಚ್ಚುವಾಗ ಅದು ಬಿಗಿಯಾಗಿತ್ತು. ತಿಪ್ಪೇಶಪ್ಪ ಒಂದು ಕಡೆ ಹಿಡಿದ, ಅಂಬಿಕಾ ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಸೇರಿ ತಿರುಗಿಸಿದರು. ತನ್ನ ಐವತ್ತೆರಡು ವರ್ಷದಲ್ಲಿ ತಾನು ಒಂದೇ ಒಂದು ಬೀದಿಯಲ್ಲೂ ಇಂಥ ಮಾತು ಆಡಿದ್ದುಂಟೇ ಎಂದು ಅವನು ಯೋಚಿಸಿದ. ನೀರು ಬಿಡುವುದು ತಡವಾದ ದಿನ ಕರೆಂಟಿನ ಮೇಲೆ ಹಾಕಿದ್ದು ಉಂಟು, ಪೈಪಿನ ಮೇಲೆ ಹಾಕಿದ್ದು ಉಂಟು. ನಿದ್ದೆ ಬಂದಿತ್ತು ಎಂದದ್ದು ನೆನಪಾಗಲಿಲ್ಲ.

ಮೇ ತಿಂಗಳಲ್ಲಿ ಅವಳು ದಾವಣಗೆರೆಗೆ ಹೋಗಿ ನೀಟ್ ಬರೆದು ಬಂದಳು. ಜೂನ್‌ನಲ್ಲಿ ಅದರ ಅಂಕ ಬಂದಾಗ ಮೆಡಿಕಲ್ ಸೀಟಿನ ಮಾತು ಎಲ್ಲೋ ದೂರ ಉಳಿಯಿತು. ಇನ್ನೊಂದು ವರ್ಷ ಕೋಚಿಂಗ್‌ಗೆ ಹೋಗಲಿ ಎಂದು ಅಂಜಿನಮ್ಮನ ಆಸೆ. ಅಂಬಿಕಾ ತಕ್ಷಣ ಇಲ್ಲವೆನ್ನಲಿಲ್ಲ. ಒಂದು ವಾರ ಯೋಚನೆ ಮಾಡಿದಳು. ಪ್ರಸನ್ನಕುಮಾರ್ ಅವರಿಗೆ ಉತ್ತರಪತ್ರಿಕೆ ತೋರಿಸಿ ಬಂದಳು. ಅವರು ಪುಟ ತಿರುವಿ ನೋಡಿ, ನಾನೂ ಪಾಠ ಓಡಿಸಿಬಿಟ್ಟೆ ಅನ್ನಿಸುತ್ತದೆ ಎಂದರಂತೆ. ವಾರದ ಕೊನೆಗೆ ರೊಟ್ಟಿ ತಟ್ಟುತ್ತಿದ್ದ ತಾಯಿಯ ಎದುರು ಕೂತು ಅವಳು ಹೇಳಿದ ಮಾತು ಹೊರಗೆ ಕೂತಿದ್ದ ತಿಪ್ಪೇಶಪ್ಪನಿಗೂ ಕೇಳಿಸಿತು.

"ಎಂಟನೇ ಕ್ಲಾಸಿನಾಗೆ ಒಂದು ಸಲ ಅಂದಿದ್ದೆ ಕಣವ್ವ. ಆಮೇಲೆ ಎಲ್ಲಾರೂ ಅಂದಿದ್ದನ್ನ ನಾನು ಕೇಳಿಸ್ಕೊಂತಾ ಬಂದೆ. ನಂಗೆ ನಿಜವಾಗ್ಲೂ ಏನು ಮಾಡಾಕೆ ಇಷ್ಟ ಅಂತ ನಾನು ಯೋಚ್ನೆನೇ ಮಾಡಿಲ್ಲ."

ಹಾಗಾದರೆ ಏನು ಇಷ್ಟ ಎಂದು ಅಂಜಿನಮ್ಮ ಕೇಳಿದಳು. ಗೊತ್ತಿಲ್ಲ ಎಂದಳು ಅಂಬಿಕಾ.

ಗೊತ್ತಾದದ್ದು ಅದೇ ತಿಂಗಳ ಕೊನೆಗೆ, ಊರಿನ ಹೈಸ್ಕೂಲಿನಲ್ಲಿ ನಡೆದ ಕಣ್ಣಿನ ತಪಾಸಣೆ ಶಿಬಿರದಲ್ಲಿ. ದಾವಣಗೆರೆಯಿಂದ ಒಬ್ಬ ಕಣ್ಣಿನ ಡಾಕ್ಟರು, ದೃಷ್ಟಿ ಪರೀಕ್ಷೆ ಮಾಡಲು ಚೈತ್ರಶ್ರೀ ಎಂಬ ತರುಣಿ ಬಂದಿದ್ದರು. ಹೆಸರು ಬರೆದುಕೊಳ್ಳಲು ಜನ ಸಾಲದೆ ಆಶಾ ಕಾರ್ಯಕರ್ತೆ ಮಮತಾ ಅಂಬಿಕಾಳನ್ನು ಕರೆದೊಯ್ದಿದ್ದಳು. ಕೈ ತೊಳೆಯುವ ತೊಟ್ಟಿ ತುಂಬಿಸಲು ಹೋದ ತಿಪ್ಪೇಶಪ್ಪನೂ ಅಲ್ಲೇ ನಿಂತ.

ಓದು ಬಾರದವರಿಗಾಗಿ ಗೋಡೆಯ ಮೇಲೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳ ಹಾಳೆ. ಹಲ್ಲು ಮೇಲಕ್ಕೋ ಕೆಳಕ್ಕೋ ಅಕ್ಕಪಕ್ಕಕ್ಕೋ ಎಂದು ಕೂತವರು ಹೇಳಬೇಕು. ಓಬಕ್ಕ ಎಂಬ ಮುದುಕಿ ಕೂತಳು. ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ಎಂದು ಒಂದೂ ತಪ್ಪದೆ ಹೇಳಿದಳು. ನೂರೈವತ್ತು ಜನರ ಸಾಲು ಹೊರಗೆ ಕಾಯುತ್ತಿತ್ತು. ಚೈತ್ರಶ್ರೀ ದೃಷ್ಟಿ ಚೆನ್ನಾಗಿದೆ ಎಂದು ಬರೆಯಲು ಹೊರಟಳು. ರಿಜಿಸ್ಟರಿನ ಮೇಜಿನಿಂದ ಅಂಬಿಕಾ ಎದ್ದು ಬಂದು ಅವಳ ಕಿವಿಯಲ್ಲಿ ಏನೋ ಹೇಳಿದಳು. ಚೈತ್ರಶ್ರೀಯ ಕೋಲು ಗುರುತನ್ನು ಮುಟ್ಟುವ ಮೊದಲೇ ಅಜ್ಜಿಯ ಉತ್ತರ ಬರುತ್ತಿತ್ತಂತೆ. ಚೈತ್ರಶ್ರೀ ಹಾಳೆಯನ್ನು ಮೆಲ್ಲಗೆ ತಲೆಕೆಳಗು ಮಾಡಿದಳು. ಓಬಕ್ಕ ಮತ್ತೆ ಅದೇ ಹೇಳಿದಳು: ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ. ತನಗಿಂತ ಮೊದಲು ಕೂತವರು ಹೇಳುವುದನ್ನು ಸಾಲಿನಲ್ಲಿ ನಿಂತು ಕೇಳಿ ಕಲಿತಿದ್ದಳು.

ಹಿಂದೆ ನಿಂತ ಇಬ್ಬರು ನಕ್ಕರು. ಅಂಬಿಕಾ ನಗಲಿಲ್ಲ. ಮುದುಕಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವಳ ಕೈ ಹಿಡಿದಳು.

"ಅಜ್ಜಿ, ಇದು ಪರೀಕ್ಷೆ ಅಲ್ಲ. ಇಲ್ಲಿ ಯಾರೂ ಮಾರ್ಕ್ಸ್ ಕಳೆಯಲ್ಲ. ಕಾಣಲಿಲ್ಲ ಅಂದ್ರೆ ಕಾಣಲ್ಲ ಅನ್ನು, ಅದೇ ಸರಿ ಉತ್ತರ."

ಓಬಕ್ಕ, ಕಣ್ಣು ಹೋಗಿದೆ ಎಂದು ಗೊತ್ತಾದರೆ ಸೊಸೆ ಕೂಸನ್ನು ಎತ್ತಿಕೊಳ್ಳಲು ಬಿಡುವುದಿಲ್ಲ ಎಂದು ತಗ್ಗಿದ ಧ್ವನಿಯಲ್ಲಿ ಹೇಳಿದಳು. ಆಮೇಲೆ ಮಾಡಿದ ಪರೀಕ್ಷೆಯಲ್ಲಿ ಅವಳು ಎಂಟು ಸಲ ಕಾಣಲ್ಲ ಎಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಂದಿನ ತಿಂಗಳು ದಾವಣಗೆರೆಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು, ಚಳಿಗಾಲದಲ್ಲಿ ಇನ್ನೊಂದರದು.

ಸಂಜೆ ಸಾಮಾನು ಕಟ್ಟುವಾಗ ಚೈತ್ರಶ್ರೀ ಅಂಬಿಕಾಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಓದಿನ ವಿಚಾರ ಕೇಳಿದಳು. ಚೈತ್ರಶ್ರೀ ಹೊನ್ನಾಳಿ ಕಡೆಯವಳು. ತಾನು ಓದಿದ್ದು ಆಪ್ಟೋಮೆಟ್ರಿ ಎಂದೂ, ಪಿಯುಸಿ ಆದ ಮೇಲೆ ನಾಲ್ಕು ವರ್ಷದ ಪದವಿ ಎಂದೂ, ಆಪರೇಷನ್ ಮಾಡುವವರು ಡಾಕ್ಟರೇ ಆದರೂ ಕಣ್ಣಿಗೆ ಎಷ್ಟು ಕಾಣುತ್ತದೆ, ಏನು ಅಡ್ಡ ಇದೆ ಎಂದು ಮೊದಲು ಕಂಡುಹಿಡಿಯುವುದು ತಮ್ಮ ಕೆಲಸವೆಂದೂ ಹೇಳಿದಳು. ಮಸೂರಗಳ ಪೆಟ್ಟಿಗೆ ತೆರೆದು ಒಂದನ್ನು ಕೈಗೆ ಕೊಟ್ಟಳು. ಕೂತ ಜನ ಎದುರಿನವರಿಗೆ ಇಷ್ಟವಾಗುವ ಉತ್ತರವನ್ನೇ ಕೊಡುತ್ತಾರೆ, ನಿಜವಾದ ಉತ್ತರ ಹೊರಡಿಸುವುದೇ ಕಷ್ಟ, ಅದು ನಿನಗೆ ಕಲಿಸದೆಯೇ ಬಂದಿದೆ ಎಂದಳು.

ಅಂಬಿಕಾ ಮುಚ್ಚಿಡದೆ ಹೇಳಿದಳು: "ಮೇಡಂ, ನಂಗೆ ಫಿಸಿಕ್ಸ್ ಥಿಯರಿನಾಗೆ ಇಪ್ಪತ್ತಾರು."

"ಅಲ್ಲೂ ಫಿಸಿಕ್ಸ್ ಬರ್ತೈತೆ. ಬೆಳಕಿನ ಪಾಠ ಅಷ್ಟೂ ಬೇಕು," ಎಂದಳು ಚೈತ್ರಶ್ರೀ. "ಈ ಸಲ ಅರ್ಥ ಮಾಡ್ಕೊಂಡು ಓದು."

ಮನೆಯಲ್ಲಿ ಅಂಜಿನಮ್ಮ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಡಾಕ್ಟರಾಗಬೇಕಾದವಳು ಕನ್ನಡಕದ ಅಂಗಡಿಯಲ್ಲಿ ನಿಲ್ಲುತ್ತಾಳಾ ಎಂದಳು. ಅಚ್ಚರಿಯೆಂದರೆ ಮಗಳ ಪರ ಮಾತಾಡಿದವನು ತಿಪ್ಪೇಶಪ್ಪ. ಓಬಕ್ಕನ ಮುಂದೆ ಇವಳು ಕೂತದ್ದನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ ಎಂದ. ಅದಕ್ಕಿಂತ ಹೆಚ್ಚಿನದನ್ನು ಅವನಿಗೆ ವಿವರಿಸಲು ಬರಲಿಲ್ಲ. ಮತ್ತೆ ಮೂರು ದಿನ ಬಿಟ್ಟು ಅಂಜಿನಮ್ಮ ತಾನಾಗಿ, ಸೀಟಿಗೆ ಅರ್ಜಿ ಯಾವಾಗ ಹಾಕಬೇಕಂತೆ ಎಂದು ಕೇಳಿದಳು.

ಸೀಟು ಸಿಗುವವರೆಗೆ ಎರಡು ತಿಂಗಳು ಅಂಬಿಕಾ ಬೆಳಕಿನ ಪಾಠವನ್ನು ಮೊದಲಿನಿಂದ ಓದಿದಳು. ಭಾನುವಾರ ಜಗಳೂರಿಗೆ ಹೋಗಿ ಪ್ರಸನ್ನಕುಮಾರ್ ಅವರನ್ನು ಕೇಳಿ ಬರುತ್ತಿದ್ದಳು. ಅವರೂ ಬೇಸರವಿಲ್ಲದೆ ಕಾಲೇಜಿನ ಹಳೆಯ ಮಸೂರಗಳನ್ನು ಮನೆಗೆ ತಂದಿಟ್ಟುಕೊಂಡು, ಮೇಣದಬತ್ತಿ ಹಚ್ಚಿ, ಗೋಡೆಯ ಮೇಲೆ ಜ್ವಾಲೆ ತಲೆಕೆಳಗಾಗಿ ಮೂಡುವುದನ್ನು ತೋರಿಸಿ ಹೇಳಿಕೊಟ್ಟರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ತನ್ನ ಉತ್ತರಪತ್ರಿಕೆ ತಂದು ಎಲ್ಲೆಲ್ಲಿ ತಪ್ಪಿದೆ ಎಂದು ತಾನೇ ತೋರಿಸಿದವಳು ಇವಳೊಬ್ಬಳೇ ಎಂದು ತಿಪ್ಪೇಶಪ್ಪನ ಮುಂದೆ ಅಂದರು. ಬೆಂಗಳೂರಿನ ದಾರಿ ಹಿಡಿಯಬೇಕಾಗಿ ಬರಲಿಲ್ಲ, ದಾವಣಗೆರೆಯಲ್ಲೇ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಬಿಟ್ಟು ಬರುವ ದಿನ ತಿಪ್ಪೇಶಪ್ಪನಿಗೆ ಎಂಬಿಬಿಎಸ್ ಎಂಬ ನಾಲ್ಕು ಅಕ್ಷರ ಇನ್ನೂ ಚುಚ್ಚುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಮೊದಲ ವರ್ಷ ಅವಳಿಗೆ ಸುಲಭವಾಗಿರಲಿಲ್ಲ. ಇಂಗ್ಲಿಷಿನ ಪಾಠ, ದಪ್ಪ ಪುಸ್ತಕ. ಒಂದು ಪೇಪರ್ ಹೋಯಿತು. ಹೋಗಿದೆ ಎಂದು ಅವಳೇ ಫೋನಿನಲ್ಲಿ ಹೇಳಿ, ಆರು ತಿಂಗಳಿಗೆ ಕಟ್ಟಿ ಪಾಸು ಮಾಡಿದಳು. ಎರಡನೇ ವರ್ಷದಿಂದ ಹಿಡಿತ ಸಿಕ್ಕಿತು. ನಾಲ್ಕನೇ ವರ್ಷ ತರಬೇತಿಗೆಂದು ಶಿಬಿರಗಳಿಗೆ ಕಳಿಸಿದರು. ಈ ತಿಂಗಳು ಚನ್ನಗಿರಿ, ಮುಂದಿನ ತಿಂಗಳು ಹೊನ್ನಾಳಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಯಾತ್ರೆಗೆ ಬಂದವರಿಗೆ ಮೂರು ದಿನ ಸತತ ತಪಾಸಣೆ ಮಾಡಿದಾಗ ಅವಳ ಗಂಟಲು ಕಟ್ಟಿಹೋಗಿತ್ತು.

ಸಂತೇಬೆನ್ನೂರಿನ ಶಾಲೆಯಲ್ಲಿ ಶಿಬಿರವಿದ್ದ ದಿನ ತಿಪ್ಪೇಶಪ್ಪ ಕೀಲಿಯನ್ನು ಪಂಚಾಯ್ತಿಯ ಇನ್ನೊಬ್ಬನಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದ. ಸಂತೆಯ ದಿನ, ತರಕಾರಿ ಮೂಟೆ ಇಳಿಸಿದವರು, ಅಡಿಕೆ ಸುಲಿಯಲು ಬಂದವರು, ಎಲ್ಲರೂ ಸಾಲಿನಲ್ಲಿದ್ದರು. ಮಗಳು ಬಿಳಿ ಕೋಟು ಹಾಕಿದ್ದಳು. ಅಪ್ಪನನ್ನು ನೋಡಿ ಕಣ್ಣಲ್ಲೇ ನಕ್ಕು, ಕೈಯಲ್ಲಿದ್ದ ಕೆಲಸ ಮುಂದುವರಿಸಿದಳು. ಅವನೂ ಚೀಟಿ ಪಡೆದು ಸಾಲಿನಲ್ಲಿ ನಿಂತ. ಮುಂದಿದ್ದವರು ಜಹಾನಾರಾ ಎಂಬ ಟೈಲರಮ್ಮ. ಸೂಜಿಗೆ ದಾರ ಪೋಣಿಸಲು ನೆರೆಮನೆಯವರನ್ನು ಕರೆಯಬೇಕಾಗಿದೆ ಎಂದು ಹೇಳಿಕೊಂಡರು. ಈ ಹುಡುಗಿ ಗಡಿಬಿಡಿ ಮಾಡುವುದಿಲ್ಲ, ಹೋದ ಸಲ ತಮ್ಮ ಅಕ್ಕನಿಗೆ ಅರ್ಧ ಗಂಟೆ ನೋಡಿದಳು ಎಂದೂ ಹೇಳಿದರು. ತಾನು ಅವಳ ಅಪ್ಪನೆಂದು ಹೇಳಿಕೊಳ್ಳುವ ಆಸೆ ತಿಪ್ಪೇಶಪ್ಪನ ನಾಲಿಗೆಯ ತುದಿಗೆ ಬಂತು. ಹೇಳದೆ, ಅವರು ಇನ್ನೂ ಏನು ಹೊಗಳುತ್ತಾರೋ ಕೇಳಿಸಿಕೊಂಡ.

ಅವನ ಸರದಿ ಬಂದಾಗ ಅಂಬಿಕಾ ಕಬ್ಬಿಣದ ಚೌಕಟ್ಟನ್ನು ಮೂಗಿನ ಮೇಲಿಟ್ಟು ಗಾಜು ಬದಲಿಸುತ್ತಾ, ಇದು ಚೆನ್ನಾಗಿದೆಯೋ ಮೊದಲಿನದೋ ಎಂದು ಕೇಳಿದಳು. ಎಲ್ಲರನ್ನೂ ಕೇಳುವ ಧ್ವನಿಯಲ್ಲೇ ಕೇಳಿದಳು. ಅವನಿಗೆ ಗೊತ್ತಾಗಲಿಲ್ಲ. ಮಗಳ ಮುಖ ನೋಡಿ ಯಾವುದು ಹೇಳಿದರೆ ಸರಿಯೋ ಎಂದು ಹುಡುಕಿದ. ಆ ಮುಖದಲ್ಲಿ ಯಾವ ಸುಳಿವೂ ಇರಲಿಲ್ಲ.

"ಎರಡೂ ಒಂದೇ ಥರ ಕಾಣ್ತೈತೆ ಕಣವ್ವ," ಎಂದ.

"ಹಂಗಾದ್ರೆ ಒಂದೇ ಥರ ಐತೆ," ಎಂದು ಬರೆದುಕೊಂಡು ಮುಂದಿನ ಗಾಜು ಹಾಕಿದಳು.

ಓದುವುದಕ್ಕೆ ಕನ್ನಡಕ ಬೇಕೆಂದೂ ಬೇರೆ ತೊಂದರೆ ಇಲ್ಲವೆಂದೂ ಚೀಟಿ ಬರೆದುಕೊಟ್ಟು ಮುಂದಿನವರನ್ನು ಕರೆದಳು. ಅವನು ಹೊರಗೆ ಬಂದು ಶಾಲೆಯ ಜಗಲಿಯ ಮೇಲೆ ಮಂಡಕ್ಕಿ ಪೊಟ್ಟಣ ಬಿಚ್ಚಿಕೊಂಡು ಕೂತ. ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಒಬ್ಬೊಬ್ಬರಿಗೂ ಅವಳು ಸ್ವಲ್ಪ ಬಾಗುತ್ತಿದ್ದಳು, ಕಾಯುತ್ತಿದ್ದಳು, ಬರೆಯುತ್ತಿದ್ದಳು. ಜಗಲಿಯ ಮೇಲಿನ ಬಿಸಿಲು ಅವನ ಕಾಲಿನ ಹತ್ತಿರ ಬರುವವರೆಗೂ ಅವನು ನೋಡಿದ. ಆಮೇಲೆ ಎದ್ದು, ಬಾಗಿಲಲ್ಲಿ ಒಂದು ಸಲ ನಿಂತು, ಮೂರೂವರೆಯ ಬಸ್ಸಿಗೆ ಹೋಗುತ್ತೇನೆಂದು ಕೈಸನ್ನೆ ಮಾಡಿದ. ಅವಳು ತಲೆಯಾಡಿಸಿದಳು. ಸಾಲಿನಲ್ಲಿ ಇನ್ನೂ ಮೂವತ್ತು ಜನ ಇದ್ದರು.